ಬಿಡುವಿನ ದುಡಿಮೆ ಮತ್ತು ಭಾಷೆಯ ಬಾಳು

ಸಂಘದ ಕಾರ್ಯಕ್ರಮ ಮುಗಿದು ಉಪಾಹಾರದ ಸಾಲಿನಲ್ಲಿ ನಿಂತಾಗ ಹಿರಿಯರೊಬ್ಬರು ನನ್ನನ್ನು ಕೇಳುವ ಪ್ರಶ್ನೆ ವರ್ಷಗಳಿಂದ ಬದಲಾಗಿಲ್ಲ. “ಎಂತ ಮಾರಾಯಾ, ಇನ್ನೂ ರಾತ್ರಿ ಕೂತು ಅದೇ ಕನ್ನಡದ ಕೆಲಸವಾ? ಅದರಲ್ಲಿ ದುಡ್ಡು ಉಂಟಾ?” ಅವರ ಮಾತಿನಲ್ಲಿ ಕುಹಕವಿಲ್ಲ, ಕಾಳಜಿಯೇ ಇದೆ. ದುಡ್ಡಿಲ್ಲ ಎಂಬ ನನ್ನ ಉತ್ತರವೂ ಬದಲಾಗಿಲ್ಲ. ಆದರೆ ಆ ಪ್ರಶ್ನೆಯ ಹಿಂದೆ ಅಡಗಿರುವ ಒಂದು ನಂಬಿಕೆಯನ್ನು ಮಾತ್ರ ಇಲ್ಲಿ ವಿಚಾರಕ್ಕೆ ಎತ್ತಿಕೊಳ್ಳಬೇಕೆನಿಸಿದೆ. ಹೊಟ್ಟೆಪಾಡಿನ ಕೆಲಸವೇ ಕೆಲಸ, ಮಿಕ್ಕದ್ದೆಲ್ಲ ಚಟ ಎಂಬುದೇ ಆ ನಂಬಿಕೆ.

ವೃತ್ತಿಯಿಂದ ನಾನು ಜಾಲತಾಣಗಳನ್ನು ಕಟ್ಟುವವನು. ಯಾವ ಕಂಪೆನಿಯ ನೌಕರನೂ ಅಲ್ಲ. ಹಗಲಿನಲ್ಲಿ ಠಾಣೆಯ ಒಬ್ಬ ಔಷಧ ವ್ಯಾಪಾರಿಗೋ ಮಾಟುಂಗಾದ ಒಂದು ಹೋಟೆಲಿಗೋ ಪುಟಗಳನ್ನು ರಚಿಸಿಕೊಟ್ಟು ಸಂಸಾರ ಸಾಗಿಸುತ್ತೇನೆ. ರಾತ್ರಿ ಊಟವಾದ ಮೇಲೆ ಡೊಂಬಿವಲಿಯ ನಮ್ಮ ಮನೆಯ ಅಡುಗೆಮನೆಯ ಮೇಜಿನ ಮೇಲೆ ಯಾರೂ ಕೇಳದ, ಯಾರೂ ಕೂಲಿ ಕೊಡದ ಕೆಲವು ಕೆಲಸಗಳನ್ನು ಮಾಡುತ್ತೇನೆ. ನನ್ನ ಕಸುಬಿನವರು ಇದನ್ನು ‘ಸೈಡ್ ಪ್ರಾಜೆಕ್ಟ್’ ಎನ್ನುತ್ತಾರೆ. ನಾನು ಬಿಡುವಿನ ದುಡಿಮೆ ಎನ್ನುತ್ತೇನೆ.

ಮುಂಬಯಿಯ ಕನ್ನಡಿಗರಿಗೆ ಬಿಡುವಿನ ದುಡಿಮೆಯ ಬೆಲೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ನನ್ನ ತಂದೆಯವರು ಹದಿನಾಲ್ಕನೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದು ಉಡುಪಿ ಹೋಟೆಲೊಂದರಲ್ಲಿ ಲೋಟ ತೊಳೆದವರು. ಹಗಲೆಲ್ಲ ದುಡಿದು, ಸಂಜೆ ಕೋಟೆ ಪರಿಸರದ ಕನ್ನಡ ರಾತ್ರಿ ಶಾಲೆಯ ಬೆಂಚಿನ ಮೇಲೆ ಕುಳಿತು ಓದಿ ಮೆಟ್ರಿಕ್ ಮುಗಿಸಿದವರು. ಅವರಿಗೆ ಪಾಠ ಹೇಳಿದ ಮಾಸ್ತರರಲ್ಲಿ ಅನೇಕರು ಹಗಲಿನಲ್ಲಿ ಬೇರೆ ಕಚೇರಿಗಳಲ್ಲಿ ಗುಮಾಸ್ತರಾಗಿದ್ದವರು. ಕಲಿಯುವವನೂ ಕಲಿಸುವವನೂ ದಣಿದು ಬಂದ ಹೊತ್ತಿನಲ್ಲಿ ನಡೆದ ಆ ವಿದ್ಯಾಭ್ಯಾಸವನ್ನು ನಾವು ಯಾರೂ ಚಟವೆಂದು ಕರೆದಿಲ್ಲ. ನಮ್ಮ ಹವ್ಯಾಸಿ ಯಕ್ಷಗಾನ ತಂಡಗಳನ್ನೂ ನಾಟಕ ತಂಡಗಳನ್ನೂ ಹಾಗೆ ಕರೆದಿಲ್ಲ. ‘ಹವ್ಯಾಸಿ’ ಎಂಬ ಪದಕ್ಕೆ ರಂಗಭೂಮಿಯಲ್ಲಿ ಒಂದು ಘನತೆಯುಂಟು. ಗಣಕದ ಮುಂದೆ ಕುಳಿತವನಿಗೆ ಬಂದಾಗ ಮಾತ್ರ ಆ ಘನತೆ ಏಕೆ ಕಳಚಿಬೀಳಬೇಕು?

ಇಂದು ನಾವು ದಿನನಿತ್ಯ ಬಳಸುವ ಗಣಕವಿದ್ಯೆಯ ಬಹುಭಾಗ ಇಂತಹ ಬಿಡುವಿನಲ್ಲೇ ಹುಟ್ಟಿದುದು. ಲಿನಸ್ ಟೋರ್ವಾಲ್ಡ್ಸ್ ಎಂಬ ಹೆಲ್ಸಿಂಕಿಯ ವಿದ್ಯಾರ್ಥಿ 1991ರಲ್ಲಿ ತಾನು ಬರೆಯುತ್ತಿದ್ದ ಕಾರ್ಯವ್ಯವಸ್ಥೆಯ ವಿಷಯವನ್ನು ಮೊದಲ ಬಾರಿಗೆ ಹೊರಗೆ ತಿಳಿಸಿದಾಗ ಅದನ್ನು ಕೇವಲ ಹವ್ಯಾಸವೆಂದೇ ಬಣ್ಣಿಸಿದ್ದ. ಅದೇ ಲಿನಕ್ಸ್. ನಮ್ಮ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳಿನಲ್ಲಿರುವುದೂ ಅದೇ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್‌ನದು ಇನ್ನೂ ಸ್ವಾರಸ್ಯಕರ ಕಥೆ. ಹರಟೆಯ ಕೂಟವೊಂದರ ಮಿತ್ರರಿಗೆ ವಿದೇಶೀ ಹಣದ ದಿನದ ದರಗಳನ್ನು ತಂದುಕೊಡಬೇಕೆಂಬ ಸಣ್ಣ ಅಗತ್ಯದಿಂದ, ಬೇರೊಬ್ಬರು ಬರೆದಿದ್ದ ಪುಟ್ಟ ಪ್ರೋಗ್ರಾಮೊಂದನ್ನು ಆತ ತಿದ್ದತೊಡಗಿದ. 1998ರಲ್ಲಿ ಅದು ‘ಕರ್ಲ್’ ಎಂಬ ಹೆಸರು ಪಡೆಯಿತು. ಇಂದು ಕೋಟ್ಯಂತರ ಫೋನು, ಟಿ.ವಿ., ಕಾರುಗಳಲ್ಲಿ ಅದು ಸದ್ದಿಲ್ಲದೆ ದುಡಿಯುತ್ತಿದೆ. ಅದಕ್ಕಾಗಿಯೇ ಪೂರ್ಣಾವಧಿ ಸಂಬಳ ಪಡೆಯುವ ಕೆಲಸ ಅವನಿಗೆ ದೊರೆತದ್ದು 2019ರಲ್ಲಿ. ಎರಡು ದಶಕಗಳ ಕಾಲ ಅವನನ್ನೂ ಯಾರೋ ಒಬ್ಬರು “ಅದರಲ್ಲಿ ದುಡ್ಡು ಉಂಟಾ” ಎಂದು ಕೇಳಿರಲೇಬೇಕು.

ಕನ್ನಡದ ಮಟ್ಟಿಗೆ ಈ ಋಣ ಇನ್ನೂ ದೊಡ್ಡದು. ಮುಂಬಯಿಯಲ್ಲಿ ದೀರ್ಘಕಾಲ ದುಡಿದ ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ನಾವೆಲ್ಲ ಬಲ್ಲ ಕೆ. ಪಿ. ರಾವ್ ಅವರು, ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿಯೇ ಕನ್ನಡದ ಎಲ್ಲ ಕಾಗುಣಿತ, ಒತ್ತಕ್ಷರಗಳನ್ನು ಮೂಡಿಸುವ ಕೀಲಿಮಣೆಯ ತರ್ಕವನ್ನು ರೂಪಿಸಿದರು. ವ್ಯಂಜನಕ್ಕೆ ಸ್ವರ ಸೇರಿದರೆ ಗುಣಿತ, ನಡುವೆ ಒಂದು ಕೊಂಡಿಯ ಕೀಲಿ ಒತ್ತಿದರೆ ಒತ್ತಕ್ಷರ. ಮೊಳೆ ಜೋಡಿಸುವವನ ಕೈಚಳಕವನ್ನು ನೆಚ್ಚದೆ, ಭಾಷೆಯ ಧ್ವನಿವ್ಯವಸ್ಥೆಯನ್ನೇ ನೆಚ್ಚಿದ ಏರ್ಪಾಡು ಅದು. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ಅವರು ತಂತ್ರಾಂಶವನ್ನು ಉಚಿತವಾಗಿ ನೀಡಿದರು. ಮುಂದೆ ಕರ್ನಾಟಕ ಸರಕಾರ ತನ್ನ ಅಧಿಕೃತ ಕೀಲಿಮಣೆಗೆ ಒಪ್ಪಿಕೊಂಡದ್ದೂ ಅದೇ ವಿನ್ಯಾಸವನ್ನು. 1998ರಲ್ಲಿ ಶೇಷಾದ್ರಿವಾಸು ಎಂಬ ಒಬ್ಬರೇ ವ್ಯಕ್ತಿ ರೂಪಿಸಿದ ‘ಬರಹ’ ಉಚಿತವಾಗಿ ಬಂದು, ಕನ್ನಡದಲ್ಲಿ ಕಾಗದ ಬರೆಯಲೂ ಸಂಕೋಚಪಡುತ್ತಿದ್ದ ನಮ್ಮಂತಹ ಹೊರನಾಡಿಗರ ಕೈಗೆ ಲಿಪಿಯನ್ನು ಮರಳಿ ಕೊಟ್ಟಿತು. ದಶಕಗಳ ಕಾಲ ಏಕಾಂಗಿಯಾಗಿ ವಿ. ಕೃಷ್ಣ ಅವರು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ‘ಅಲರ್’ ಎಂಬ ಹೆಸರಿನಿಂದ ಅಂತರಜಾಲಕ್ಕೆ ಬಂತು. ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. ಅದನ್ನು ಮುಕ್ತ ಪರವಾನಗಿಯಡಿ ಲೋಕಕ್ಕೆ ತಲುಪಿಸಿದವರು ಯಾರೆಂದುಕೊಂಡಿರಿ? 2010ರಲ್ಲಿ ‘ಓಳಂ’ ಎಂಬ ಮಲಯಾಳಂ ನಿಘಂಟನ್ನು ಬಿಡುವಿನಲ್ಲಿ ಕಟ್ಟಿದ್ದ ತಂತ್ರಜ್ಞ ಕೈಲಾಶ್ ನಾಥ್. ನೆರೆಭಾಷೆಯ ಹವ್ಯಾಸವೊಂದು ಕನ್ನಡದ ಬಾಗಿಲು ತೆರೆಯಿತು. ಭಾಷಾಭಿಮಾನದ ಭಾಷಣಗಳ ನಡುವೆ ಈ ಸಂಗತಿಯನ್ನು ನಾವು ನೆನೆಯುವುದೊಳ್ಳೆಯದು.

ಇಷ್ಟನ್ನು ಹೇಳಿದ ಮೇಲೆ, ಈ ತ್ರೈಮಾಸಿಕದ ಮನೆಯೊಳಗಿನ ಕಥೆಯನ್ನೂ ಹೇಳಲೇಬೇಕು. 2005ರ ಜುಲೈ 26ರ ಮಹಾಮಳೆ ಯಾರಿಗೆ ನೆನಪಿಲ್ಲ? ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಅಂದು ಸಂಘದ ನೆಲಮಾಳಿಗೆಯ ಕಪಾಟಿನಲ್ಲಿದ್ದ ಹಳೆಯ ಸಂಚಿಕೆಗಳು ನೀರು ಕುಡಿದು ಹಿಟ್ಟಾದವು. “ಪರವಾಗಿಲ್ಲ, ಸಿ.ಡಿ.ಗಳಲ್ಲಿ ಎಲ್ಲವೂ ಇದೆ” ಎಂದು ನಾವು ಸಮಾಧಾನಪಟ್ಟುಕೊಂಡೆವು. ಕೆಲವು ವರ್ಷಗಳ ಹಿಂದೆ ಹಿರಿಯ ಸದಸ್ಯೆಯೊಬ್ಬರು ತಮ್ಮ ದಿವಂಗತ ಪತಿ 1997ರಲ್ಲಿ ಬರೆದ ಲೇಖನವೊಂದರ ಪ್ರತಿ ಬೇಕೆಂದು ಕೇಳಿದಾಗ ಮೊದಲ ಬಾರಿಗೆ ಆ ಸಿ.ಡಿ.ಯನ್ನು ತೆರೆದೆ. ಕಡತವಿತ್ತು. ಆದರೆ ತೆರೆಯ ಮೇಲೆ ಮೂಡಿದ್ದು ಕನ್ನಡವಲ್ಲ. ತಲೆಯ ಮೇಲೆ ಚುಕ್ಕಿ, ಗೆರೆ, ಟೊಪ್ಪಿಗೆ ಹೊತ್ತ ರೋಮನ್ ಅಕ್ಷರಗಳ ಸಂತೆ.

ಕಾರಣ ಸರಳ. ಆ ಕಾಲದ ಅಕ್ಷರರೂಪಗಳು ಕನ್ನಡ ಅಕ್ಷರಗಳನ್ನು ಕನ್ನಡವೆಂದು ಉಳಿಸುತ್ತಿರಲಿಲ್ಲ. ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿ, ಕಣ್ಣಿಗೆ ಕನ್ನಡದಂತೆ ತೋರಿಸುತ್ತಿದ್ದವು. ನಾವು ‘ಮ’ ಎಂದು ಓದುವುದು ಆ ಕಡತದಲ್ಲಿ ಒಂದು ಅಕ್ಷರವೇ ಅಲ್ಲ. ತಲೆಕಟ್ಟಿಲ್ಲದ ‘ವ’ದ ಒಡಲು, ಒಂದು ತಲೆಕಟ್ಟು, ಬಲಬದಿಗೆ ಒಂದು ಕೊಂಬು, ಹೀಗೆ ಮೂರು ಚೂರು. ಹಳೆಯ ಮುದ್ರಣಾಲಯದ ಮೊಳೆಯ ಪೆಟ್ಟಿಗೆಯೇ ಗಣಕದೊಳಗೆ ಹೊಕ್ಕಂತೆ. ಆ ಅಕ್ಷರರೂಪ ಇದ್ದರೆ ಓದಬಹುದು, ಇಲ್ಲದಿದ್ದರೆ ಇಲ್ಲ. ಇದ್ದರೂ ಅಲ್ಲಿ ಒಂದು ಪದವನ್ನು ಹುಡುಕುವಂತಿಲ್ಲ, ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವಂತಿಲ್ಲ. ನಮ್ಮ ಅಕ್ಷರರೂಪಕ್ಕೆ ಬೀಗದಂತಿದ್ದ ಬೆರಳುದ್ದದ ಡಾಂಗಲ್ ಎಂದೋ ಕಳೆದುಹೋಗಿತ್ತು. ಅಕ್ಷರ ಜೋಡಿಸುತ್ತಿದ್ದ ಮಿತ್ರರು ತೀರಿಕೊಂಡಿದ್ದರು. ಯಾವ ಚೂರಿಗೆ ಯಾವ ಸ್ಥಾನವೆಂಬ ಪಟ್ಟಿ ಅವರ ತಲೆಯಲ್ಲಿತ್ತು, ಬೇರೆಲ್ಲಿಯೂ ಇರಲಿಲ್ಲ.

ಯೂನಿಕೋಡ್ ಇದಕ್ಕೆ ಪರಿಹಾರವಾಗಿ ಬಂದ ಜಾಗತಿಕ ಒಪ್ಪಂದ. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ನಿವೇಶನ ದೊರೆತಿದೆ. ಅಲ್ಲಿ ‘ಕ’ಕ್ಕೆ 3221, ‘ಮ’ಕ್ಕೆ 3246. ಯಾವ ದೇಶದ ಯಾವ ಯಂತ್ರದಲ್ಲಿ ತೆರೆದರೂ ಆ ಸಂಖ್ಯೆಯ ಅರ್ಥ ಅದೇ ಅಕ್ಷರ. ಹಾಗಾದರೆ ಹಳೆಯ ಚೂರುಗಳನ್ನು ಹೊಸ ಸಂಖ್ಯೆಗಳಿಗೆ ಬದಲಾಯಿಸುವ ಪ್ರೋಗ್ರಾಮ್ ಬರೆದರಾಯಿತು ಎಂದು ಹೊರಟೆ. ಒಂದು ವಾರದ ಕೆಲಸವೆಂದು ಎಣಿಸಿದ್ದೆ. ಒಂದೂವರೆ ವರ್ಷ ಹಿಡಿಯಿತು.

ಮೊದಲ ಫಲಿತಾಂಶವನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪುಟದ ತುಂಬ ‘ಕರ್ನಾಟಕ’ವೆಲ್ಲ ‘ಕನಾರ್ಟಕ’ವಾಗಿತ್ತು, ‘ಧರ್ಮ’ವು ‘ಧಮರ್’ ಆಗಿತ್ತು. ಅಂತರಜಾಲದಲ್ಲಿ ಈ ‘ಕನಾರ್ಟಕ’ವನ್ನು ನೀವೂ ಕಂಡಿರುತ್ತೀರಿ. ಅದು ಬರೆದವರ ಅಜ್ಞಾನವಲ್ಲ, ಪರಿವರ್ತನೆಯ ಗಾಯದ ಕಲೆ. ಹಳೆಯ ಕ್ರಮದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಕ್ಕೆ ತಕ್ಕಂತೆ ‘ರ್’ ಮೊದಲು ಬರಬೇಕು. ಚೂರಿಗೆ ಚೂರು ಬದಲಿಸಿದರೆ ಸಾಲದು. ಹಿಂದಿನ ಅಕ್ಷರ, ಅದರ ಒತ್ತು, ಅದರ ಗುಣಿತ ಎಲ್ಲವನ್ನೂ ದಾಟಿ ‘ರ್’ಅನ್ನು ಅದರ ಸ್ವಸ್ಥಾನಕ್ಕೆ ಒಯ್ಯಬೇಕು. ತಂತ್ರಜ್ಞಾನವೆಂದು ನಾನು ಆರಂಭಿಸಿದ್ದು ವ್ಯಾಕರಣದಲ್ಲಿ ಮುಗಿಯಿತು. ಶಾಲೆಯಲ್ಲಿ ಬೆತ್ತದ ಭಯಕ್ಕೆ ಕಲಿತ ಕಾಗುಣಿತವನ್ನು ನಡುವಯಸ್ಸಿನಲ್ಲಿ ಮತ್ತೆ ಮೊದಲಿನಿಂದ ಕಲಿತೆ. ಇಂತಹ ಪರಿವರ್ತಕಗಳನ್ನು ಬರೆದು ಮುಕ್ತವಾಗಿ ಹಂಚಿದ ಇತರ ಹವ್ಯಾಸಿಗಳ ಕೆಲಸ ನನ್ನ ಮುಂದೆ ಇಲ್ಲದಿದ್ದರೆ ಅದೂ ಸಾಧ್ಯವಾಗುತ್ತಿರಲಿಲ್ಲ.

ಆ ಲೇಖನವನ್ನು ಅಚ್ಚು ಹಾಕಿಸಿ ಅಮ್ಮನವರಿಗೆ ಒಪ್ಪಿಸಿದ ದಿನ ಅವರು ಮೊದಲ ಸಾಲಿನ ಮೇಲೆ ಬೆರಳಿಟ್ಟು, “ಇದು ಅವರದೇ ವಾಕ್ಯ” ಎಂದರು. ಆ ದಿನ ನನಗೆ ಕೂಲಿ ಸಂದಿತು.

ಈ ಅನುಭವದಿಂದ ಪ್ರೋಗ್ರಾಮಿಂಗ್ ಕುರಿತು ನನ್ನ ಕೆಲವು ಅಭಿಪ್ರಾಯಗಳು ಗಟ್ಟಿಯಾಗಿವೆ. ಮೊದಲನೆಯದು, ಕಡಿಮೆ ಬರೆಯಬೇಕು, ಅದಕ್ಕಿಂತ ಕಡಿಮೆ ಎರವಲು ತರಬೇಕು. 2016ರ ಮಾರ್ಚಿಯಲ್ಲಿ ‘ಲೆಫ್ಟ್‌ಪ್ಯಾಡ್’ ಎಂಬ ಹನ್ನೊಂದು ಸಾಲುಗಳ ಪುಟ್ಟ ತುಣುಕನ್ನು ಅದರ ಕರ್ತೃ ಸಾರ್ವಜನಿಕ ಭಂಡಾರದಿಂದ ಹಿಂದಕ್ಕೆ ಪಡೆದಾಗ, ಅದನ್ನು ನೇರವಾಗಿಯೋ ಪರೋಕ್ಷವಾಗಿಯೋ ನೆಚ್ಚಿದ್ದ ಅಸಂಖ್ಯ ತಂತ್ರಾಂಶಗಳ ನಿರ್ಮಾಣಕಾರ್ಯ ಲೋಕದಾದ್ಯಂತ ನಿಂತುಹೋಯಿತು. ಪದವೊಂದರ ಎಡಕ್ಕೆ ಖಾಲಿ ಜಾಗ ತುಂಬುವ ಕೆಲಸ ಅದು. ಯಾವ ವಿದ್ಯಾರ್ಥಿಯೂ ಅರ್ಧ ಗಂಟೆಯಲ್ಲಿ ಬರೆಯಬಹುದಾದದ್ದು. ನೆರೆಮನೆಯಿಂದ ಸಕ್ಕರೆ ಕಡ ತರುವುದು ತಪ್ಪಲ್ಲ. ಆದರೆ ದಿನವೂ ನೀರನ್ನೂ ಕಡ ತರುವ ಮನೆ ಬಹುಕಾಲ ನಡೆಯದು.

ಎರಡನೆಯದು, ಪುಟ ಹಗುರವಾಗಿರಬೇಕು. ಕನ್ನಡದ ಒಂದೊಂದು ಸಂಕೇತಕ್ಕೂ ಜಾಲದಲ್ಲಿ ಮೂರು ಬೈಟುಗಳ ಜಾಗ ಬೇಕು. ಆದರೂ ಈ ಲೇಖನದಷ್ಟು ಉದ್ದದ ಬರಹ ಸುಮಾರು 50 ಕಿಲೊಬೈಟುಗಳಲ್ಲಿ ಅಡಗುತ್ತದೆ. ಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರ ಅದರ ಹತ್ತಾರು ಪಟ್ಟು ಭಾರ. ಹೀಗಿದ್ದೂ ನಾಲ್ಕು ಸಾಲು ಓದಿಸಲು ಕುಣಿಯುವ ಚಿತ್ರಗಳನ್ನೂ ಜಾಹೀರಾತುಗಳನ್ನೂ ಹೇರುವುದು ನಮ್ಮ ಕಸುಬಿನ ಇಂದಿನ ರೂಢಿಯಾಗಿದೆ. ಕಲ್ಯಾಣದಿಂದ ಹೊರಟ ಲೋಕಲ್ ಗಾಡಿಯಲ್ಲಿ ಒಂಟಿಕಾಲಿನಲ್ಲಿ ನಿಂತು, ಅಗ್ಗದ ಫೋನಿನಲ್ಲಿ ಓದುವವನನ್ನು ನೆನೆದು ನಾನು ಪುಟ ಕಟ್ಟುತ್ತೇನೆ. ಗಾಡಿ ಮುಂಬ್ರಾದ ಸುರಂಗ ಸೇರುವ ಮುನ್ನ ಪುಟ ಪೂರ್ತಿಯಾಗಿ ತೆರೆದಿರಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಬಿಡುವಿನ ಕೆಲಸವನ್ನು ಒಬ್ಬನೇ ಆರಂಭಿಸಬಹುದು, ಒಬ್ಬನೇ ಇಟ್ಟುಕೊಳ್ಳಬಾರದು. ಇಲ್ಲಿ ನಾನೂ ತಪ್ಪಿತಸ್ಥನೇ. ಹಿಂದೊಮ್ಮೆ ಮುಂಬಯಿ ಪರಿಸರದ ಯಕ್ಷಗಾನ, ತಾಳಮದ್ದಳೆಗಳ ದಿನಾಂಕ, ಸ್ಥಳಗಳನ್ನು ತಿಳಿಸುವ ಪುಟ್ಟ ತಾಣವೊಂದನ್ನು ಕಟ್ಟಿದ್ದೆ. ಜನ ಅದನ್ನು ಮೆಚ್ಚಿದ್ದರು. ಮಗಳ ಕಾಯಿಲೆಯ ಓಡಾಟದಲ್ಲಿ ತಾಣದ ಹೆಸರಿನ ವಾರ್ಷಿಕ ಶುಲ್ಕ ಕಟ್ಟಲು ಮರೆತೆ. ಹೆಸರು ಬೇರೊಬ್ಬರ ಪಾಲಾಯಿತು. ನಾಲ್ಕು ವರ್ಷಗಳ ಪ್ರದರ್ಶನಗಳ ವಿವರವಿದ್ದ ಕಡತದ ಬೇರೆ ಪ್ರತಿಯನ್ನೂ ಇಟ್ಟಿರಲಿಲ್ಲ. ಭಾಗವತರೊಬ್ಬರು ಫೋನ್ ಮಾಡಿ, “ನಮ್ಮ ಆಟದ ಲೆಕ್ಕ ಎಲ್ಲ ಎಲ್ಲಿ ಹೋಯಿತು ಮಾರಾಯರೇ?” ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅಕ್ಷರ ಜೋಡಿಸುತ್ತಿದ್ದ ಮಿತ್ರರ ವಿಷಯದಲ್ಲಿ ನಾನು ಯಾವ ದೂರನ್ನು ಹೇಳಿದೆನೋ ಅದೇ ದೂರು ನನಗೂ ತಗಲುತ್ತದೆ.

ಒಬ್ಬನ ಮೇಲೇ ಭಾರ ಹೇರಿ ಸಮಾಜ ಮರೆತುಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2024ರ ಮಾರ್ಚಿಯ ಘಟನೆಯೇ ಸಾಕ್ಷಿ. ಕಡತಗಳನ್ನು ಕಿರಿದಾಗಿಸುವ ‘ಎಕ್ಸ್‌ಜೆಡ್’ ಎಂಬ ತಂತ್ರಾಂಶವನ್ನು ಬಹುಕಾಲ ಒಬ್ಬ ಹವ್ಯಾಸಿ ದಣಿದು ದಣಿದು ನೋಡಿಕೊಳ್ಳುತ್ತಿದ್ದ. ನೆರವಿನ ವೇಷದಲ್ಲಿ ಬಂದು ಎರಡು ವರ್ಷಕ್ಕೂ ಮಿಕ್ಕಿ ವಿಶ್ವಾಸ ಗಳಿಸಿದವನೊಬ್ಬ ಅದರೊಳಗೆ ಕಳ್ಳಬಾಗಿಲನ್ನು ಕೊರೆದಿದ್ದ. ಲೋಕದ ಲಕ್ಷಾಂತರ ಗಣಕಗಳ ಕೀಲಿ ಅವನ ಕೈಸೇರುವುದರಲ್ಲಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ತನ್ನ ಗಣಕದ ಪ್ರವೇಶಕ್ಕೆ ಅರ್ಧ ಸೆಕೆಂಡ್ ಹೆಚ್ಚು ತಗಲುತ್ತಿದೆಯಲ್ಲ ಎಂದು ಬೆನ್ನುಹತ್ತಿದ್ದರಿಂದ ಅನಾಹುತ ತಪ್ಪಿತು. ಹವ್ಯಾಸಿಯ ದಣಿವು ಆತನ ಖಾಸಗಿ ವಿಷಯವಲ್ಲ ಎಂಬ ಪಾಠ ಇಲ್ಲಿದೆ.

ಇದೆಲ್ಲ ಸರಕಾರದ ಕೆಲಸವಲ್ಲವೇ ಎಂದು ಕೆಲವರು ಕೇಳಬಹುದು. ಸರಕಾರ ಮಾಡಬೇಕು, ನಿಜ. ಆದರೆ ಹೊರನಾಡಿನ ಸಂಘವೊಂದರ ಒದ್ದೆ ಸಂಚಿಕೆಗಳು ಯಾವ ಇಲಾಖೆಯ ಕಡತದಲ್ಲೂ ಇಲ್ಲ. ಇನ್ನು ಕೆಲವರು, ಕೃತಕ ಬುದ್ಧಿಮತ್ತೆಯ ಯಂತ್ರಗಳೇ ಈಗ ಪ್ರೋಗ್ರಾಮ್ ಬರೆದುಕೊಡುತ್ತವೆ, ಹವ್ಯಾಸಿಯ ಕಾಲ ಮುಗಿಯಿತು ಎನ್ನುತ್ತಾರೆ. ಅಂತಹ ಯಂತ್ರಗಳನ್ನು ನಾನೂ ಬಳಸುತ್ತೇನೆ, ಅವುಗಳಿಂದ ಶ್ರಮ ಕಡಿಮೆಯಾಗಿದೆ. ಆದರೆ ಆ ಯಂತ್ರಗಳು ಕಲಿಯುವುದು ತಮಗೆ ಓದಲು ಸಿಕ್ಕ ಬರಹದಿಂದ. ಮುಂಬಯಿ ಕನ್ನಡಿಗನ ಮೂವತ್ತು ವರ್ಷಗಳ ಬರವಣಿಗೆ ಓದಲಾಗದ ಸಂಕೇತಗಳಲ್ಲಿ ಹೂತುಹೋಗಿದ್ದರೆ, ಯಂತ್ರದ ಮಟ್ಟಿಗೆ ಅವನು ಬದುಕಿಯೇ ಇರಲಿಲ್ಲ. ಅಮ್ಮನವರು ಕೇಳಿದ ಲೇಖನ ಯಾವ ಸಿ.ಡಿ.ಯಲ್ಲಿದೆ ಎಂದು ಹುಡುಕುವ ಕಾಳಜಿಯನ್ನು ಯಂತ್ರಕ್ಕೆ ಯಾರೂ ಬರೆದುಕೊಟ್ಟಿಲ್ಲ.

ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ನನ್ನ ವಿನಂತಿ ಮೂರು. ಇನ್ನು ಮುಂದೆ ಯಾವ ಸಂಚಿಕೆಯನ್ನೂ ಯೂನಿಕೋಡಿನಲ್ಲಲ್ಲದೆ ಸಿದ್ಧಪಡಿಸಬಾರದು, ಪ್ರತಿಯೊಂದರ ಸಾದಾ ಪಠ್ಯವನ್ನು ಮೂರು ಬೇರೆ ಬೇರೆ ಕಡೆ ಇರಿಸಬೇಕು. ಸಂಘದ ತಾಣದ ಹೆಸರು, ಗುಪ್ತಪದ, ಶುಲ್ಕದ ದಿನಾಂಕಗಳನ್ನು ಒಬ್ಬನ ನೆನಪಿಗೆ ಬಿಡದೆ, ಆಸ್ತಿಯ ಪತ್ರಗಳಂತೆ ದಫ್ತರದಲ್ಲಿ ದಾಖಲಿಸಬೇಕು. ನನ್ನ ಪರಿವರ್ತಕದ ಮೂಲ ಬರಹವನ್ನೂ ಚೂರುಗಳ ಪಟ್ಟಿಯನ್ನೂ ನಾನು ಮುಕ್ತವಾಗಿ ಸಂಘಕ್ಕೆ ಒಪ್ಪಿಸುತ್ತಿದ್ದೇನೆ. ಇದನ್ನು ಕಲಿಯಲು ವಾರಕ್ಕೆ ಎರಡು ಸಂಜೆ ಕೊಡಬಲ್ಲ ಇಬ್ಬರು ತರುಣರನ್ನು ಸಂಘ ಗೊತ್ತುಪಡಿಸಬೇಕು. ಕನ್ನಡ ಓದಲು ಬಾರದ, ಮರಾಠಿ, ಇಂಗ್ಲಿಷ್ ಶಾಲೆಗಳಲ್ಲಿ ಓದಿದ ನಮ್ಮ ಮಕ್ಕಳಾದರೂ ಅಡ್ಡಿಯಿಲ್ಲ. ಅರ್ಕಾವೊತ್ತನ್ನು ಸರಿಯಾದ ಸ್ಥಾನಕ್ಕೆ ಒಯ್ಯುವುದನ್ನು ಕಲಿಯುವಷ್ಟರಲ್ಲಿ ಅವರು ಕನ್ನಡ ಓದತೊಡಗಿರುತ್ತಾರೆ ಎಂಬುದು ನನ್ನ ಭರವಸೆ.

ಇನ್ನೂ ಮೂವತ್ತಕ್ಕೂ ಹೆಚ್ಚು ಸಂಚಿಕೆಗಳು ಸಿ.ಡಿ.ಗಳಲ್ಲಿ ಹಾಗೆಯೇ ಇವೆ. ಅವುಗಳಲ್ಲಿ ಕೆಲವು ಈಗಾಗಲೇ ತೆರೆಯಲು ಹಟ ಹಿಡಿಯುತ್ತಿವೆ. ರಾತ್ರಿ ಶಾಲೆಯ ದೀಪ ಹಚ್ಚಲು ನಮ್ಮ ಹಿರಿಯರು ಅನುದಾನಕ್ಕೆ ಕಾಯಲಿಲ್ಲ, ದಣಿದವರೇ ದಣಿದವರಿಗೆ ಕಲಿಸಿದರು. ಮುಂದಿನ ಬಾರಿ ಉಪಾಹಾರದ ಸಾಲಿನಲ್ಲಿ ಭೇಟಿಯಾದಾಗ, ದುಡ್ಡು ಉಂಟೇ ಎಂದು ಕೇಳುವ ಬದಲು, ಎಷ್ಟು ಸಂಚಿಕೆ ಉಳಿದಿದೆ ಎಂದು ಕೇಳಿದರೆ ನನಗೆ ಸಂತೋಷ.